ತಾತನ ಕೋಟು ಯಾರ ಆಸ್ತಿ?



ಕಾಲೇಜು ಮೆಟ್ಟಿಲು ಹತ್ತಿದ ತಾತನ ಕೋಟನ್ನು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಜೋಪಾನ ಮಾಡಿದ ಮನೆಗಳು ಮೈಸೂರು ಸೀಮೆಯಲ್ಲಿ ಇಂದಿಗೂ ಇವೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ಕಾಲಕ್ಕೆ ಕ್ಲೋಸ್ ಕಾಲರಿನ ಕೋಟು, ಕಚ್ಚೆಪಂಚೆ, ಜರಿ ಅಂಚಿನ ಪೇಟ ಎಂದರೆ ಓದಿದವರ ಗುರುತು. ಮುಂದಿನ ತಲೆಮಾರು ಪೇಟ ಬಿಟ್ಟು ಪ್ಯಾಂಟು, ಟೈಗೆ ಬಂತು. ಈಗಿನ ಹುಡುಗರಿಗೆ ಬ್ಲೇಜರ್. ತಾತನ ಕೋಟನ್ನೇ ದರ್ಜಿಯ ಕೈಯಲ್ಲಿ ಬಿಚ್ಚಿಸಿ, ಮೈಗೆ ಸರಿಹೊಂದಿಸಿ, ಮೊಮ್ಮಗನಿಗೆ ತೊಡಿಸುವವರೂ ಉಂಟು. ಇದು ಒಣಜಂಬವೋ, ಸಂಸ್ಕಾರವೋ?

ಈ ಉಡುಪುಗಳ ಮೂಲವನ್ನು ನೋಡಿ. ಘಟಿಕೋತ್ಸವದ ಗೌನು ಮಧ್ಯಯುಗದ ಯೂರೋಪಿನದು. ಆಗ ಓದುತ್ತಿದ್ದವರಲ್ಲಿ ಬಹುಪಾಲು ಧರ್ಮಸಭೆಯ ಸೇವೆಗೆ ಸೇರಿದವರು. ಬೆಂಕಿಯಿಲ್ಲದ ಕಲ್ಲಿನ ಕೊಠಡಿಗಳ ಚಳಿಗೆ ಅವರಿಗೆ ಉದ್ದನೆಯ ನಿಲುವಂಗಿ ಬೇಕಿತ್ತು. ಬ್ಲೇಜರ್ ಎಂಬ ಹೆಸರು ಬಂದದ್ದು ಕೇಂಬ್ರಿಜಿನ ಒಂದು ದೋಣಿಸಂಘದ ಉರಿಗೆಂಪು ಕೋಟಿನಿಂದ ಎನ್ನುತ್ತಾರೆ. ಒಂದು ಚಳಿಗೆ, ಇನ್ನೊಂದು ಆಟಕ್ಕೆ. ಅಂತಸ್ತು ಅಂಟಿಕೊಂಡದ್ದು ಆಮೇಲೆ.

ಬಟ್ಟೆಯ ವಿಷಯದಲ್ಲಿ ನಮ್ಮ ದೇಶದ ಇಬ್ಬರು ಹಿರಿಯರು ಬೇರೆ ಬೇರೆ ದಾರಿ ಹಿಡಿದರು. ಲಂಡನ್ನಿನಲ್ಲಿ ಕೋಟು ತೊಟ್ಟು ಬ್ಯಾರಿಸ್ಟರಾದ ಗಾಂಧೀಜಿ, 1921ರ ಸೆಪ್ಟೆಂಬರಿನಲ್ಲಿ ಮಧುರೈಯಲ್ಲಿ ಅಂಗಿಯನ್ನೂ ಬಿಟ್ಟು ತುಂಡು ಪಂಚೆ ಉಟ್ಟರು. ಡಾ. ಅಂಬೇಡ್ಕರರು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲೂ ಲಂಡನ್ನಿನಲ್ಲೂ ಓದಿ ಬಂದು ಕೋಟು, ಟೈಗಳನ್ನು ಬಿಡಲಿಲ್ಲ. ನಮ್ಮ ಊರೂರಿನ ಪ್ರತಿಮೆಗಳಲ್ಲಿ ಅವರು ನಿಂತಿರುವುದು ನೀಲಿ ಕೋಟಿನಲ್ಲಿಯೇ. ಯಾರು ಸರಿ? ಇಬ್ಬರೂ ಸರಿ. ಉಡಲು ಉಳ್ಳವರೊಬ್ಬರು ಇಲ್ಲದವರ ಹತ್ತಿರ ಹೋಗಲು ಕಳಚಿದರು. ಒಳ್ಳೆಯ ಬಟ್ಟೆ ಉಡಕೂಡದೆಂದು ತಡೆಸಿಕೊಂಡಿದ್ದ ಜನರ ಮಾನಕ್ಕಾಗಿ ಇನ್ನೊಬ್ಬರು ತೊಟ್ಟರು.

ಸಂತ ತೋಮಸ್ ಅಕ್ವಿನಾಸರು ಹೊರ ಉಡುಪಿನ ಬಗ್ಗೆಯೇ ಪ್ರತ್ಯೇಕ ವಿಚಾರ ಮಾಡಿದ್ದಾರೆ. ದೋಷವಿರುವುದು ವಸ್ತುವಿನಲ್ಲಲ್ಲ, ಅದನ್ನು ಮಿತಿಮೀರಿ ಬಳಸುವವನಲ್ಲಿ ಎಂಬುದು ಅವರ ತೀರ್ಮಾನ. ಉಡುಪಿನ ಬಗ್ಗೆ ತೀರಾ ಉದಾಸೀನವೂ ತಪ್ಪೇ ಎನ್ನುತ್ತಾರೆ. ಹಾಗಾದರೆ ಮಿತಿಯನ್ನು ಅಳೆಯುವುದು ಹೇಗೆ? ಈ ಕೋಟು ನನ್ನನ್ನು ಪಕ್ಕದವನ ಹತ್ತಿರ ತರುತ್ತದೋ, ದೂರ ನಿಲ್ಲಿಸುತ್ತದೋ ಎಂದು ಕೇಳಿಕೊಂಡರೆ ಸಾಕು. ಸಿರಿವಂತನ ಉಡುಪು ಕಂಡು ಒಳ್ಳೆಯ ಜಾಗ ಕೊಟ್ಟು, ಬಡವನಿಗೆ ಅಲ್ಲೇ ನಿಲ್ಲು ಎನ್ನುವ ಸಭೆಯನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಖಂಡಿಸುತ್ತಾರೆ. ನಮ್ಮ ಮದುವೆ ಮನೆಗಳ ಮುಂದಿನ ಸಾಲಿನಲ್ಲಿ ಯಾರು ಕುಳಿತಿರುತ್ತಾರೆ, ನೀವೇ ನೋಡಿ.

ಇನ್ನು ನಮ್ಮ ಸೀಮೆಯ ಮಾತು. ಬೀಚನಹಳ್ಳಿಯ ಬಳಿ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಎಚ್.ಡಿ. ಕೋಟೆ ತಾಲ್ಲೂಕಿನ ಎಷ್ಟೋ ಹಳ್ಳಿಗಳ ಹೊಲ, ಮನೆ ನೀರಿನಡಿ ಹೋದವು. ತಂದೆಯಿಂದ ಮಗನಿಗೆ ಬರಬೇಕಾದ ಭೂಮಿಯೇ ಮುಳುಗಿದಾಗ ಮುಂದಕ್ಕೆ ದಾಟಿಸಲು ಓದೇ ಆಸ್ತಿ. ಅಂಥ ಮನೆಯಿಂದ ಮೈಸೂರಿಗೆ ಓದಲು ಹೋದ ಮೊದಲ ಹುಡುಗನನ್ನು ಊಹಿಸಿಕೊಳ್ಳಿ. ಅವನ ಕೋಟಿನ ದುಡ್ಡಿನಲ್ಲಿ ಅಪ್ಪನ ಕೂಲಿಯಿದೆ, ಅವ್ವ ಮಾರಿದ ಆಡಿದೆ. ಅಣ್ಣ ಓದಲೆಂದು ಶಾಲೆ ಬಿಟ್ಟ ತಂಗಿಯ ಪಾಲೂ ಅದರಲ್ಲಿದೆ.

ಆ ಕೋಟು ಈಗ ಮಗನಿಗೆ, ನಾಳೆ ಮೊಮ್ಮಗನಿಗೆ. ತಂಗಿಗೆ ಏನು ಬಂತು? ಗಂಡುಮಕ್ಕಳಿಂದ ಗಂಡುಮಕ್ಕಳಿಗೆ ದಾಟುವ ಈ ಪರಂಪರೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತುವುದಿಲ್ಲ. ಬಟ್ಟೆಯನ್ನು ಮಾತ್ರ ಉಳಿಸಿಕೊಂಡು ಅದರ ಋಣವನ್ನು ಮರೆತರೆ ಅದು ಪರಂಪರೆಯಾಗದು, ಬರೀ ಅಲಂಕಾರವಾದೀತು.

ತಂದೆತಾಯಂದಿರೇ, ಹಳೆಯ ಕೋಟನ್ನು ಮಗನ ಹೆಗಲಿಗೆ ಹಾಕುವಾಗ ಅದರ ಲೆಕ್ಕವನ್ನೂ ಒಪ್ಪಿಸಿ. ಯಾರು ಉಪವಾಸವಿದ್ದರು, ಯಾರು ಓದು ಬಿಟ್ಟರು ಎಂದು ಹೆಸರು ಹಿಡಿದು ಹೇಳಿ. ಆ ತಂಗಿಯ ಮೊಮ್ಮಗಳು ಈ ವರ್ಷ ಕಾಲೇಜಿನ ಫೀಸಿಗೆ ಪರದಾಡುತ್ತಿದ್ದರೆ, ಹೊಸ ಬ್ಲೇಜರ್ ಹೊಲಿಸುವ ಮುಂಚೆ ಅವಳ ಮನೆಗೊಮ್ಮೆ ಹೋಗಿ ಬನ್ನಿ. ಧರ್ಮ ಮಾಡುತ್ತೇವೆಂದು ಹೋಗಬೇಡಿ. ಹಳೆಯ ಬಾಕಿ ತೀರಿಸಲು ಹೋಗಿ.