ತೋಳು ಹೇಳುವ ಸತ್ಯ

ಪೋಲಿಯೊ ಬಂದುಹೋದ ಮಗುವಿನ ಕಾಲಲ್ಲಿ ಎಷ್ಟು ಬಲ ಉಳಿದಿದೆ ಎಂದು ತಿಳಿಯಲು ಬಾಸ್ಟನ್ನಿನ ಮೂಳೆವೈದ್ಯ ರಾಬರ್ಟ್ ಲವೆಟ್ ಭೂಮಿಯ ಸೆಳೆತವನ್ನೇ ತಕ್ಕಡಿ ಮಾಡಿಕೊಂಡರು. ಅವರ ಸಹಾಯಕಿ ವಿಲ್ಹೆಲ್ಮೀನ್ ರೈಟ್ 1912ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಮೇಜಿನಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ಮಗು ಮಂಡಿಯನ್ನು ಪೂರ್ತಿ ಚಾಚಿದರೆ ತೊಡೆಯ ಸ್ನಾಯು ಕಾಲಿನ ಭಾರವನ್ನು ಗೆದ್ದಂತೆ. ಆಗದಿದ್ದರೆ ಮಗ್ಗುಲಿಗೆ ಮಲಗಿಸಿ, ಭಾರ ತಪ್ಪಿಸಿ, ಮತ್ತೆ ಚಾಚಲು ಹೇಳುತ್ತಾರೆ. ಅದೂ ಆಗದಿದ್ದರೆ ಸ್ನಾಯುವಿನ ಮೇಲೆ ಬೆರಳಿಟ್ಟು ಒಳಗೆ ಒಂದಿಷ್ಟಾದರೂ ಬಿಗಿತ ಮೂಡುತ್ತದೆಯೇ ಎಂದು ನೋಡುತ್ತಾರೆ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ 1943ರ ಶ್ರೇಣಿಯಲ್ಲಿ ಇವು 3, 2 ಮತ್ತು 1. ಪರೀಕ್ಷಕರ ಮನಸ್ಸಿನಲ್ಲಿ ಏನೇ ಇರಲಿ, ಭೂಮಿಗೆ ಅದರ ಹಂಗಿಲ್ಲ. ಪರೀಕ್ಷೆಯ ಪ್ರಾಮಾಣಿಕತೆ ಇರುವುದು ಅಲ್ಲೇ.

ಇದೇ ಪರೀಕ್ಷೆ 1964ರಲ್ಲಿ ಅಮೆರಿಕದ ಕೈರೊಪ್ರಾಕ್ಟರ್ ಜಾರ್ಜ್ ಗುಡ್‌ಹಾರ್ಟ್ ಕೈಯಲ್ಲಿ ಬೇರೆ ದಾರಿ ಹಿಡಿಯಿತು. ಸ್ನಾಯು ಒಳಗಿನ ಅಂಗಾಂಗಗಳ ಸ್ಥಿತಿಯನ್ನೂ ಹೇಳುತ್ತದೆ ಎಂದರು ಅವರು. ಮನೋವೈದ್ಯ ಡೇವಿಡ್ ಹಾಕಿನ್ಸ್ ತಮ್ಮ ‘ಪವರ್ ವರ್ಸಸ್ ಫೋರ್ಸ್’ ಪುಸ್ತಕದಲ್ಲಿ ಇನ್ನೂ ಮುಂದೆ ಹೋದರು: ಚಾಚಿದ ತೋಳನ್ನು ಒತ್ತಿದರೆ ಯಾವ ಮಾತು ನಿಜ, ಯಾವುದು ಸುಳ್ಳು, ಯಾವ ಗುರುವಿನ ಪ್ರಜ್ಞೆ ಎಷ್ಟು ಎತ್ತರದ್ದು ಎಂಬುದೂ ಗೊತ್ತಾಗುತ್ತದಂತೆ. ಮನಸ್ಸು ವಂಚಿಸಿದರೂ ದೇಹ ವಂಚಿಸದು ಎಂಬ ನಂಬಿಕೆ ಇದರ ಬೇರು, ಮತ್ತು ಅದು ಹಗುರವಾಗಿ ತಳ್ಳಿಹಾಕುವಂಥ ನಂಬಿಕೆಯಲ್ಲ. ಆದರೆ ಇಲ್ಲಿ ತೋಳು ಒಂಟಿಯಾಗಿ ಸಾಕ್ಷಿ ನುಡಿಯುತ್ತಿಲ್ಲ. ಒತ್ತುವ ಕೈಯೊಂದು ಜೊತೆಗಿದೆ. ನಿರೀಕ್ಷೆಯೊಂದೇ ನಮಗರಿವಿಲ್ಲದೆ ಸ್ನಾಯುವನ್ನು ಅಲುಗಿಸಬಲ್ಲುದು ಎಂದು ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದರು. 1988ರ ಒಂದು ಅಧ್ಯಯನದಲ್ಲಿ ಅನುಭವಿಗಳಾದ ಮೂವರು ಪರೀಕ್ಷಕರು 11 ಮಂದಿಯಲ್ಲಿ ನಾಲ್ಕು ಪೋಷಕಾಂಶಗಳನ್ನು ಹೀಗೆ ಅಂದಾಜಿಸಿದರು. ಪ್ರಯೋಗಾಲಯದ ಫಲಿತಾಂಶ ಹಾಗಿರಲಿ, ಒಬ್ಬರ ಉತ್ತರ ಇನ್ನೊಬ್ಬರದಕ್ಕೇ ತಾಳೆಯಾಗಲಿಲ್ಲ.

ಮೊದಲು ಹೇಳಿದ ಶ್ರೇಣಿಯ 4 ಮತ್ತು 5ನೇ ದರ್ಜೆಯನ್ನು ಫಿಸಿಯೊಥೆರಪಿಸ್ಟ್ ಕೂಡ ಕೈಯಿಂದ ಒತ್ತಿಯೇ ನಿರ್ಧರಿಸುತ್ತಾರಲ್ಲ ಎಂದು ಕೇಳಬಹುದು. ನಿಜ, ಅಲ್ಲಿ ತಪ್ಪಾಗುವುದೂ ಉಂಟು. ಆ ಕೈಯ ಮೇಲಿನ ಗುಮಾನಿ ಮಾತ್ರ ಹೊರಗಿನವರದ್ದಲ್ಲ: ಲವೆಟ್ ಅವರೇ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಮಾರ್ಟಿನ್ ಜೊತೆ ಸೇರಿ 1916ರ ಹೊತ್ತಿಗೆ ಸ್ಪ್ರಿಂಗ್ ತಕ್ಕಡಿಯಿಂದ ಸ್ನಾಯುಬಲ ಅಳೆಯುವ ಕ್ರಮ ರೂಪಿಸಿದ್ದರು. ನಿಲುವಿನ ಪರೀಕ್ಷೆಯಲ್ಲೂ ಅಷ್ಟೇ. ಫಿಸಿಯೊಥೆರಪಿಸ್ಟರಾದ ಹೆನ್ರಿ ಮತ್ತು ಫ್ಲಾರೆನ್ಸ್ ಕೆಂಡಾಲ್ ದಂಪತಿ ತೂಗುಗುಂಡಿನ ದಾರವನ್ನು ಕಾಲಹರಡಿನ ತುಸು ಮುಂದೆ ನಿಲ್ಲಿಸಿ, ಭುಜ ಮತ್ತು ಕಿವಿಹಾಲೆ ಅದರಿಂದ ಎಷ್ಟು ಸರಿದಿವೆ ಎಂದು ನೋಡಿದರು. ಸರಿದದ್ದು ಎಷ್ಟೆಂದು ದಾರ ಹೇಳುತ್ತದೆ. ನೆಟ್ಟಗೆ ನಿಂತವನು ನೇರ ಮನುಷ್ಯ ಎಂಬ ತೀರ್ಪು ದಾರದ್ದಲ್ಲ, ನೋಡುವವರದ್ದು.

ಆತ್ಮದ ಸಂಗತಿಗೆ ಪ್ರಯೋಗಾಲಯದ ಒರೆಗಲ್ಲು ಯಾಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಅನುಭಾವಕ್ಕೆ ಅಂಥ ರುಜು ಬೇಡವೆಂದು ಒಪ್ಪಬಹುದು. ಆದರೆ ತೋಳನ್ನು ಒತ್ತಿ ಗುರುವಿಗೆ ಅಂಕ ಕೊಡಲು ಹೊರಟವರು ಅಳತೆಯ ಅಂಗಳಕ್ಕೆ ತಾವಾಗಿಯೇ ಇಳಿದವರು. ಅಂಕ ಬೇಕು, ಮರುಪರೀಕ್ಷೆ ಬೇಡ ಎನ್ನುವ ಹಕ್ಕು ಅವರಿಗಿಲ್ಲ.