ಹಳೆಯ ಬಗ್ಗಿಯ ಗುರುತು

ರೇಡಿಯೊ ನಿಯಂತ್ರಿತ ಬಗ್ಗಿ ಎಂದರೆ ಮಣ್ಣು, ಮರಳು, ಹುಲ್ಲಿನ ಮೇಲೆ ಓಡಲೆಂದು ಕಟ್ಟಿದ ಪುಟ್ಟ ಕಾರು. ಹೆಚ್ಚಿನವು ನಿಜವಾದ ವಾಹನದ ಹತ್ತರಲ್ಲೊಂದು ಅಳತೆಯವು. ಜಪಾನಿನ ಶಿಜುವೊಕಾದ ತಮಿಯ ಕಂಪನಿ 1976ರಲ್ಲಿ ಪೋರ್ಷೆ 934ರ ಮಾದರಿಯೊಂದಿಗೆ ರೇಡಿಯೊ ಕಾರುಗಳಿಗೆ ಕೈಹಾಕಿತು. 1979ರಲ್ಲಿ ಅದರ ರಫ್ ರೈಡರ್ ಮತ್ತು ಸ್ಯಾಂಡ್ ಸ್ಕಾರ್ಚರ್ ಬಗ್ಗಿಗಳು ಬಂದವು, 1983ರಲ್ಲಿ ಫ್ರಾಗ್, 1984ರಲ್ಲಿ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್. ಕ್ಯೋಶೊ ಕಂಪನಿಯ ಸ್ಕಾರ್ಪಿಯನ್ 1982ರದು. ಅಮೆರಿಕದ ಟೀಮ್ ಅಸೋಸಿಯೇಟೆಡ್‌ನ ಆರ್‌ಸಿ10 1984ರದು. ಇವೆಲ್ಲ ಹೆಚ್ಚಾಗಿ ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರಾಟವಾದವು. ಕೊಂಡವರೇ ಕೂತು ಸ್ಕ್ರೂ ಬಿಗಿದು ಜೋಡಿಸಿಕೊಳ್ಳಬೇಕಿತ್ತು. ಜೋಡಿಸಿದವರಿಗೆ ಬಿಚ್ಚಲೂ ಬರುತ್ತದೆ, ಬಿಚ್ಚಿದ ಮೇಲೆ ಬೇರೆಯದನ್ನು ಹಾಕುವ ಆಸೆಯೂ ಬರುತ್ತದೆ. ಹಾಗಾಗಿ ನಲವತ್ತು ವರ್ಷ ಕಳೆದು ಅಟ್ಟದಿಂದಲೋ ಹರಾಜಿನಿಂದಲೋ ಕೈಗೆ ಬರುವ ಬಗ್ಗಿ ಹುಟ್ಟಿದಾಗ ಇದ್ದಂತೆಯೇ ಇರುವುದು ಅಪರೂಪ. ಅದನ್ನು ಕೈಗೆತ್ತಿಕೊಂಡವರಿಗೆ ಎರಡು ಕೆಲಸ ಕಾದಿರುತ್ತವೆ: ಇದು ಯಾವುದೆಂದು ಗುರುತಿಸುವುದು, ಆಮೇಲೆ ಇದನ್ನು ಇನ್ನಷ್ಟು ಚೆನ್ನಾಗಿ ಓಡುವಂತೆ ಮಾಡುವುದು. ಮೊದಲ ಕೆಲಸ ‘ಇದು ಅದೇ’ ಎಂಬ ಮಾತನ್ನು ಹುಡುಕುತ್ತದೆ. ಎರಡನೆಯದು ಆ ಮಾತನ್ನೇ ಅಲ್ಲಾಡಿಸುತ್ತದೆ.

ಗ್ರಾಸ್‌ಹಾಪರ್ ಮತ್ತು ಹಾರ್ನೆಟ್‌ಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತೊಡಕು ಕಣ್ಣಿಗೇ ಕಾಣುತ್ತದೆ. ಎರಡರದೂ ಒಂದೇ ಆಕಾರದ ತೊಟ್ಟಿಯಂಥ ಪ್ಲಾಸ್ಟಿಕ್ ಚಾಸಿ, ಎರಡರದೂ ಒಂದೇ ಬಗೆಯ ಗೇರ್‌ಬಾಕ್ಸ್. ಗ್ರಾಸ್‌ಹಾಪರ್‌ನ ಚಾಸಿ ಬಿಳಿ, ಹಾರ್ನೆಟ್‌ನದು ಕಪ್ಪು. ಗ್ರಾಸ್‌ಹಾಪರ್‌ನಲ್ಲಿ ಸಣ್ಣ 380 ಮೋಟಾರು, ಹಿಂದೆ ಎಣ್ಣೆಯಿಲ್ಲದ ಬರೀ ಸ್ಪ್ರಿಂಗು, ಗಟ್ಟಿ ಪ್ಲಾಸ್ಟಿಕ್‌ನ ಬಾಡಿ. ಹಾರ್ನೆಟ್‌ನಲ್ಲಿ ದೊಡ್ಡ 540 ಮೋಟಾರು, ಹಿಂದೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್, ಒಳಗಿನಿಂದ ಬಣ್ಣ ಬಳಿಯುವ ತೆಳು ಪಾಲಿಕಾರ್ಬೊನೇಟ್ ಬಾಡಿ, ಮುಳ್ಳುಮುಳ್ಳಾದ ಹಿಂದಿನ ಟೈರು. ಈಗ ಒಬ್ಬ ಹುಡುಗ ತನ್ನ ಗ್ರಾಸ್‌ಹಾಪರ್‌ಗೆ ಮೊದಲು 540 ಮೋಟಾರು ಹಾಕುತ್ತಾನೆ ಎನ್ನೋಣ. ಆಗ ಹಲವರು ಮಾಡುತ್ತಿದ್ದ ಮೊದಲ ಸುಧಾರಣೆ ಅದೇ. ಮುಂದಿನ ವರ್ಷ ಎಣ್ಣೆಯ ಶಾಕ್ ಅಬ್ಸಾರ್ಬರ್, ಆಮೇಲೆ ಮುಳ್ಳಿನ ಟೈರು, ಬಾಡಿ ಒಡೆದಾಗ ಹಾರ್ನೆಟ್‌ನ ಬಾಡಿ. ಕೊನೆಗೆ ಉಳಿದ ವ್ಯತ್ಯಾಸ ಹೆಚ್ಚುಕಡಿಮೆ ಚಾಸಿಯ ಬಿಳಿ ಬಣ್ಣವೊಂದೇ. ಇದನ್ನು ಹಾರ್ನೆಟ್ ಎನ್ನಲು ಬಲ್ಲವರು ಒಪ್ಪುವುದಿಲ್ಲ. ಒಂದು ಬಣ್ಣ ಇಷ್ಟು ಭಾರ ಹೊರಬಲ್ಲದೇ ಎಂದು ಕೇಳಿದರೆ ಅವರ ಬಳಿ ಸಲೀಸಾದ ಉತ್ತರವೂ ಇಲ್ಲ.

ಉಡುಪಿಯ ಮಧ್ವಾಚಾರ್ಯರ ಪರಂಪರೆ ಈ ಜಾಗಕ್ಕೆ ಸರಿಯಾಗಿ ಹೊಂದುವ ಒಂದು ವಿಂಗಡಣೆ ಮಾಡುತ್ತದೆ. ದ್ರವ್ಯ ಇರುವಷ್ಟು ಕಾಲವೂ ಇರುವ ಗುಣ ಯಾವದ್ದ್ರವ್ಯಭಾವಿ. ಅದು ದ್ರವ್ಯದಿಂದ ಬೇರೆಯಲ್ಲ. ದ್ರವ್ಯ ಇರುವಾಗಲೇ ಬಂದುಹೋಗುವ ಗುಣ ಅಯಾವದ್ದ್ರವ್ಯಭಾವಿ. ದ್ರವ್ಯಕ್ಕೂ ಅದಕ್ಕೂ ಭೇದವೂ ಉಂಟು, ಅಭೇದವೂ ಉಂಟು. ಮಾವಿನಕಾಯಿಯ ಹಸಿರು ಹೋಗಿ ಹಳದಿ ಬಂದರೂ ಹಣ್ಣು ಅದೇ. ಬಾಡಿಗೆ ಬಳಿದ ಬಣ್ಣ ಈ ಎರಡನೆಯ ಬಗೆಯದು. ಚಾಸಿಯ ಬಿಳಿ ಹಾಗಲ್ಲ, ಕರಗಿದ ಪ್ಲಾಸ್ಟಿಕ್ ಅಚ್ಚಿಗೆ ಇಳಿಯುವ ಮೊದಲೇ ಅದರಲ್ಲಿ ಬೆರೆತದ್ದು, ಗೀಚಿದಷ್ಟೂ ಒಳಗೆ ಬಿಳಿಯೇ. ಆದರೆ ಈ ಬಿಳಿಯೂ ಬಿಸಿಲಿಗೆ ಹಳದಿಯಾಗುತ್ತದೆ ಎಂಬುದು ಬೇರೆ ಮಾತು. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ನೇರಳಾತೀತ ಬೆಳಕಿಗೆ ಇಟ್ಟು ಮತ್ತೆ ಬೆಳ್ಳಗೆ ಮಾಡುವವರಿದ್ದಾರೆ. ಮಾವಿನ ಉಪಮೆಯನ್ನು ತಲೆಕೆಳಗು ಮಾಡಿದಂತಿದೆ.

ಗುರುತಿಸುವ ಕೆಲಸವನ್ನು ಇನ್ನಷ್ಟು ಜಟಿಲ ಮಾಡಿದ್ದು ಮರುಬಿಡುಗಡೆ. ಹಾರ್ನೆಟ್ 2004ರಲ್ಲಿ, ಗ್ರಾಸ್‌ಹಾಪರ್ ಮತ್ತು ಫ್ರಾಗ್ 2005ರಲ್ಲಿ, ಸ್ಯಾಂಡ್ ಸ್ಕಾರ್ಚರ್ 2010ರಲ್ಲಿ ಮತ್ತೆ ಅಂಗಡಿಗೆ ಬಂದವು. ಮೊದಲ ಹಾರ್ನೆಟ್ ಪೆಟ್ಟಿಗೆಯ ಸಂಖ್ಯೆ 58045, ಎರಡನೆಯದರದು 58336. ಪೆಟ್ಟಿಗೆ ಕಳೆದುಹೋದರೆ ಈ ಸಂಖ್ಯೆಯಿಂದ ಉಪಯೋಗವಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಉಬ್ಬಿ ನಿಂತ ವರ್ಷವನ್ನು ನಂಬಿದವರು ಮೋಸಹೋಗುತ್ತಾರೆ. ಅದು ಅಚ್ಚಿಗೆ ಕೆತ್ತಿದ ವರ್ಷ, ಭಾಗ ಹುಟ್ಟಿದ ವರ್ಷವಲ್ಲ. ಅದೇ ಅಚ್ಚಿನಿಂದ ಇಪ್ಪತ್ತು ವರ್ಷ ಬಿಟ್ಟು ಹೊರಬಿದ್ದ ಭಾಗವೂ ಅದೇ ವರ್ಷವನ್ನು ಹೇಳುತ್ತದೆ. ಹೆಚ್ಚು ನೆಚ್ಚಬಹುದಾದ ಸಾಕ್ಷಿ ಬೇರೆ ಕಡೆ ಸಿಗುತ್ತದೆ. ಫ್ರಾಗ್‌ನಲ್ಲಿ ಹಿಂದಿನ ಚಕ್ರಗಳಿಗೆ ಬಲ ಒಯ್ಯುತ್ತಿದ್ದ ಆರುಮೂಲೆ ತುದಿಯ ದಂಡಗಳು ಸವೆದು ದುಂಡಗಾಗಿ ಜಾರುತ್ತಿದ್ದವು. ಮರುಬಿಡುಗಡೆಯಲ್ಲಿ ಆ ಜೋಡಣೆಯನ್ನು ಬದಲಿಸಲಾಯಿತು. ಹೀಗೆ ಹಳೆಯದನ್ನು ಪತ್ತೆಹಚ್ಚಿಕೊಡುವುದು ಬಹಳ ಸಲ ಅದರ ದೋಷವೇ. ಸ್ಕ್ರೂಗಳನ್ನೂ ನೋಡಬೇಕು. ಜಪಾನಿನ ಪ್ಲಸ್ ಆಕಾರದ ಸ್ಕ್ರೂಗಳ ತೋಡು ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್‌ಗೆ ಪೂರ್ತಿ ಒಗ್ಗುವುದಿಲ್ಲ. ತುದಿ ಮೇಲೆದ್ದು ಜಾರಿ ತೋಡಿನ ಅಂಚನ್ನು ಹರಿದುಹಾಕುತ್ತದೆ. ಚಾಸಿಯ ತಳದಲ್ಲಿ ನಾಲ್ಕು ಸ್ಕ್ರೂಗಳ ತಲೆ ಕಿತ್ತು ಹೊಳೆಯುತ್ತಿದ್ದು ಉಳಿದವು ಮಾಸಿ ಕೂತಿದ್ದರೆ, ಯಾವ ಭಾಗ ಎಷ್ಟು ಸಲ ಹೊರಬಂದಿದೆ ಎಂಬ ಚರಿತ್ರೆ ಅಲ್ಲಿಯೇ ಬರೆದಿಟ್ಟಂತೆ.

‘ಇದು ಅದೇ’ ಎಂಬ ಅರಿವಿಗೆ ಭಾರತೀಯ ದರ್ಶನಗಳಲ್ಲಿ ಪ್ರತ್ಯಭಿಜ್ಞೆ ಎಂದು ಹೆಸರು. ಹಿಂದೆ ಕಂಡದ್ದರ ನೆನಪೂ ಈಗ ಕಾಣುತ್ತಿರುವುದರ ಪ್ರತ್ಯಕ್ಷವೂ ಅದರಲ್ಲಿ ಒಂದಾಗುತ್ತವೆ. ನೈಯಾಯಿಕರು ಇದನ್ನು ವಸ್ತುಗಳು ಕಾಲದಲ್ಲಿ ಉಳಿಯುತ್ತವೆ ಎಂಬುದಕ್ಕೆ ಪ್ರಮಾಣವಾಗಿ ಮುಂದಿಟ್ಟರು. ಎಲ್ಲವೂ ಕ್ಷಣಿಕ ಎಂದ ಬೌದ್ಧರು ಒಪ್ಪಲಿಲ್ಲ. ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲು, ಉಗುರುಗಳನ್ನು ನೋಡಿಯೂ ಜನ ಅದೇ ಕೂದಲು, ಅದೇ ಉಗುರು ಎನ್ನುತ್ತಾರೆ. ದೀಪದ ಕುಡಿಯನ್ನು ನೋಡಿ ಅದೇ ಉರಿ ಎನ್ನುತ್ತಾರೆ. ಹೋಲಿಕೆಯೊಂದೇ ಸಾಕು ಈ ಅರಿವು ಹುಟ್ಟಲು, ವಸ್ತು ಅದೇ ಆಗಿರಬೇಕಿಲ್ಲ ಎಂಬುದು ಅವರ ವಾದ. 2004ರ ಹಾರ್ನೆಟ್ ಈ ವಾದಕ್ಕೆ ಪೆಟ್ಟಿಗೆಯಲ್ಲಿ ಕಟ್ಟಿಕೊಟ್ಟ ಉದಾಹರಣೆ. ಬಾಲ್ಯದಲ್ಲಿ ಕಳೆದುಕೊಂಡದ್ದನ್ನು ಮತ್ತೆ ಕೊಂಡವನಿಗೆ ಕಣ್ಣು ತೇವವಾಗುವಷ್ಟು ಗಾಢವಾದ ಪ್ರತ್ಯಭಿಜ್ಞೆ ಆಗುತ್ತದೆ, ಆದರೆ ಆ ಪ್ಲಾಸ್ಟಿಕ್ಕಿನ ಒಂದು ಕಣವೂ ಅವನ ಬಾಲ್ಯದ್ದಲ್ಲ.

ಬೌದ್ಧರ ಇನ್ನೊಂದು ದೃಷ್ಟಾಂತ ವಾಹನದ್ದೇ. ಪಾಲಿ ಭಾಷೆಯ ಮಿಲಿಂದಪಞ್ಹದಲ್ಲಿ ಗ್ರೀಕ್ ಮೂಲದ ದೊರೆ ಮಿಲಿಂದ ಭಿಕ್ಷು ನಾಗಸೇನನನ್ನು ಭೇಟಿಯಾಗುತ್ತಾನೆ. ದೊರೆ ರಥದಲ್ಲಿ ಬಂದವನು. ಆ ರಥ ಯಾವುದು ಎಂದು ಭಿಕ್ಷು ಕೇಳುತ್ತಾನೆ. ಈಸು, ಅಚ್ಚು, ಗಾಲಿ, ನೊಗ, ಹಗ್ಗ ಎಂದು ಒಂದೊಂದೇ ಎಣಿಸಿದರೆ ದೊರೆ ಪ್ರತಿಯೊಂದಕ್ಕೂ ಅಲ್ಲ ಎನ್ನುತ್ತಾನೆ. ಎಲ್ಲ ಸೇರಿದ ರಾಶಿಯೂ ಅಲ್ಲ, ಇವುಗಳಿಂದ ಹೊರಗೆ ಇರುವ ಬೇರೊಂದೂ ಅಲ್ಲ. ಕೊನೆಗೆ ದೊರೆಯ ಬಾಯಿಂದಲೇ ಬರುವ ಉತ್ತರ: ಈ ಭಾಗಗಳನ್ನು ಅವಲಂಬಿಸಿ ರಥ ಎಂಬ ವ್ಯವಹಾರದ ಹೆಸರು ಬರುತ್ತದೆ, ಅಷ್ಟೇ. ಬಗ್ಗಿಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದವರಿಗೆ ಈ ಸಂವಾದ ಹೊಸದೆನಿಸುವುದಿಲ್ಲ. ಆದರೆ ಹೆಸರು ವ್ಯವಹಾರದ್ದು ಎಂದ ಮಾತ್ರಕ್ಕೆ ಯಾವ ಹೆಸರನ್ನು ಬೇಕಾದರೂ ಹಚ್ಚಬಹುದು ಎಂದಾಗುವುದಿಲ್ಲ. ರಥವನ್ನು ದೋಣಿ ಎಂದು ಕರೆಯಲು ನಾಗಸೇನನೂ ಬಿಡುತ್ತಿರಲಿಲ್ಲ.

ನ್ಯಾಯ–ವೈಶೇಷಿಕರು ಎದುರು ತುದಿಯಲ್ಲಿ ನಿಲ್ಲುತ್ತಾರೆ. ಅವಯವಗಳಲ್ಲಿ, ಅಂದರೆ ಭಾಗಗಳಲ್ಲಿ, ಸಮವಾಯ ಎಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿದ ಅವಯವಿ, ಅಂದರೆ ಇಡಿಯ ವಸ್ತು, ಅವುಗಳಿಂದ ಬೇರೆಯೇ ಆದ ನಿಜವಾದ ದ್ರವ್ಯ. ಇಷ್ಟು ಗಟ್ಟಿಯಾದ ಅವಯವಿಗೆ ಅವರು ತೆರುವ ಬೆಲೆಯೂ ದೊಡ್ಡದು. ಬಟ್ಟೆಯಿಂದ ಒಂದು ನೂಲು ಎಳೆದರೂ ಹಳೆಯ ಬಟ್ಟೆ ನಾಶವಾಗಿ, ಉಳಿದ ನೂಲುಗಳಲ್ಲಿ ಖಂಡಪಟ ಎಂಬ ಹೊಸ ಬಟ್ಟೆ ಹುಟ್ಟುತ್ತದೆ. ಈ ಲೆಕ್ಕದಲ್ಲಿ ಒಂದು ಬೇರಿಂಗು ಬದಲಿಸಿದರೆ ಬಗ್ಗಿ ಹೊಸದು. ಸಂಜೆ ಗೇರ್‌ಬಾಕ್ಸ್ ಬಿಚ್ಚಿ ಕೂತವನು ರಾತ್ರಿ ಊಟದ ಹೊತ್ತಿಗೆ ಹತ್ತಾರು ಬಗ್ಗಿಗಳ ಹುಟ್ಟು ಸಾವು ಕಂಡಿರುತ್ತಾನೆ. ತರ್ಕದಲ್ಲಿ ಹುಳುಕಿಲ್ಲ, ಆದರೆ ಇಷ್ಟು ಬೇಗ ಸಾಯುವ ಅವಯವಿಯಿಂದ ಗುರುತಿಸುವವರಿಗೆ ಏನೂ ಪ್ರಯೋಜನವಿಲ್ಲ.

ಸುಧಾರಣೆಗಳನ್ನೇ ಹತ್ತಿರದಿಂದ ನೋಡಿದರೆ ಎಲ್ಲ ಬದಲಾವಣೆಗಳೂ ಒಂದೇ ತೂಕದವಲ್ಲ ಎಂದು ತಿಳಿಯುತ್ತದೆ. ಈಗಿನವರ ಮೊದಲ ಕೆಲಸ ಚಕ್ರದ ದಂಡ ತಿರುಗುವ ಬುಷ್‌ಗಳನ್ನು ತೆಗೆದು ಬಾಲ್ ಬೇರಿಂಗು ಹಾಕುವುದು. ಮರಳು ಹೊಕ್ಕ ಬುಷ್ ಸವೆದು ಚಕ್ರ ಓಲಾಡುತ್ತದೆ. 5 ಮಿ.ಮೀ. ಒಳವ್ಯಾಸ, 11 ಮಿ.ಮೀ. ಹೊರವ್ಯಾಸದ, ರಬ್ಬರ್ ಮುಚ್ಚಳವಿರುವ ಬೇರಿಂಗು ಅದೇ ಕುಳಿಯಲ್ಲಿ ಕೂತರೆ ಚಕ್ರವನ್ನು ಬೆರಳಿನಿಂದ ತಿರುಗಿಸಿದಾಗಲೇ ವ್ಯತ್ಯಾಸ ತಿಳಿಯುತ್ತದೆ. ಹೊರಗಿನಿಂದ ಏನೂ ಕಾಣದು. ಎರಡನೆಯದು ವೇಗ ನಿಯಂತ್ರಕ. ಆಗಿನ ಬಗ್ಗಿಗಳಲ್ಲಿ ಸರ್ವೊ ಒಂದು ಲೋಹದ ಕಡ್ಡಿಯನ್ನು ಸರಿಸಿ ಕೆಲವೇ ಮೆಟ್ಟಿಲುಗಳಲ್ಲಿ ವೇಗ ಬದಲಿಸುತ್ತಿತ್ತು. ನಿಧಾನ ಹೋಗುವಾಗ ಮಿಕ್ಕ ವಿದ್ಯುತ್ತು ರೆಸಿಸ್ಟರಿನಲ್ಲಿ ಬಿಸಿಯಾಗಿ ವ್ಯರ್ಥವಾಗುತ್ತಿತ್ತು. ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ನಿಯಂತ್ರಕ ಬಂದರೆ ಬಗ್ಗಿ ಜರ್ಕು ಹೊಡೆಯುವುದು ನಿಲ್ಲುತ್ತದೆ. ಬ್ಯಾಟರಿ ಬದಲಿಸುವವರಿಗಂತೂ ಇದು ಅನಿವಾರ್ಯ. ಹಳೆಯ ಆರು ಕೋಶಗಳ 7.2 ವೋಲ್ಟ್ ನಿಕಲ್–ಕ್ಯಾಡ್ಮಿಯಂ ಬ್ಯಾಟರಿಯ ಬದಲು ಎರಡು ಕೋಶಗಳ 7.4 ವೋಲ್ಟ್ ಲಿಥಿಯಂ ಪಾಲಿಮರ್ ಹಾಕಿದರೆ, ಕೋಶವೊಂದರ ವೋಲ್ಟೇಜು ಸುಮಾರು 3ಕ್ಕಿಂತ ಕೆಳಗಿಳಿಯುವ ಮೊದಲೇ ಯಾರಾದರೂ ನಿಲ್ಲಿಸಬೇಕು. ಹಳೆಯ ಕಡ್ಡಿಗೆ ಅದು ಗೊತ್ತಾಗದು. ಇನ್ನು ಬ್ರಶ್‌ಲೆಸ್ ಮೋಟಾರು. ಅದರ ಬಲಕ್ಕೆ ಹಳೆಯ ಗೇರಿನ ಹಲ್ಲು ತಾಳದೆ ಗೇರು ಬದಲು, ಆಮೇಲೆ ದಂಡ ಬದಲು, ಟೈರು ಬದಲು. ಒಂದು ಬದಲಾವಣೆ ತನಗೆ ಬೇಕಾದ ಇನ್ನೆಲ್ಲವನ್ನೂ ಎಳೆದು ತರುತ್ತದೆ.

ಬೇರಿಂಗು ಬಗ್ಗಿಯನ್ನು ಅದು ಮಾಡುತ್ತಿದ್ದ ಕೆಲಸಕ್ಕೇ ಇನ್ನಷ್ಟು ಯೋಗ್ಯ ಮಾಡುತ್ತದೆ. ಬ್ರಶ್‌ಲೆಸ್ ಮೋಟಾರು ಬಗ್ಗಿಗೆ ಬೇರೆಯೇ ಕೆಲಸ ಹಚ್ಚುತ್ತದೆ. ಹಿಂದಿನ ಗೇರ್‌ಬಾಕ್ಸನ್ನು ಕುಣಿಸುತ್ತ, ಉಬ್ಬು ಸಿಕ್ಕಲ್ಲೆಲ್ಲ ನೆಗೆಯುತ್ತ ಓಡುವುದು ಹಾರ್ನೆಟ್‌ನ ಸ್ವಭಾವ. ಅದನ್ನು ಕಳೆದುಕೊಂಡ ಹಾರ್ನೆಟ್‌ನಲ್ಲಿ ಮೂಲ ಭಾಗಗಳೆಷ್ಟಿದ್ದರೂ ಹಾರ್ನೆಟ್ ಉಳಿದಿದೆಯೇ ಎಂಬುದು ಬರೀ ಭಾಗ ಎಣಿಸಿದರೆ ಬಗೆಹರಿಯುವ ಪ್ರಶ್ನೆಯಲ್ಲ. ಆರ್‌ಸಿ10ರ ಪ್ರಸಂಗ ಇದಕ್ಕೆ ವಿರುದ್ಧ. ಬಂಗಾರದ ಬಣ್ಣದ ಅಲ್ಯೂಮಿನಿಯಂ ಚಾಸಿಯ ಅದು ಹುಟ್ಟಿದ್ದೇ ಸ್ಪರ್ಧೆಗೆ, 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ಪನ್ನೂ ಗೆದ್ದಿತು. ವಾರ ವಾರ ಭಾಗ ಬದಲಿಸುವುದೇ ಅದರ ಸಹಜ ಬದುಕು. ಒಂದೂ ಬದಲಾಗದ ಆರ್‌ಸಿ10 ಎಂದರೆ ಓಡದ ಆರ್‌ಸಿ10. ಅದನ್ನೇ ಮೂಲ ಸ್ಥಿತಿ ಎನ್ನುವುದು ಅಷ್ಟೇನೂ ನ್ಯಾಯವಲ್ಲ.

ಗ್ರೀಸಿನಲ್ಲಿ ಇದೇ ಪ್ರಶ್ನೆ ಹಡಗನ್ನು ಹತ್ತಿ ಬಂತು. ಥೀಸಿಯಸನ ಮೂವತ್ತು ಹುಟ್ಟುಗಳ ಹಡಗಿನ ಕೊಳೆತ ಹಲಗೆಗಳನ್ನು ಅಥೆನ್ಸಿನವರು ಒಂದೊಂದಾಗಿ ಬದಲಿಸುತ್ತ ಬಂದರೆಂದೂ, ಅದು ಅದೇ ಹಡಗೇ ಎಂದು ತತ್ತ್ವಜ್ಞರು ಜಗಳವಾಡಿದರೆಂದೂ ಪ್ಲುಟಾರ್ಕ್ ದಾಖಲಿಸಿದ್ದಾನೆ. 1655ರಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇದಕ್ಕೆ ಇನ್ನೊಂದು ಗಂಟು ಹಾಕಿದ: ತೆಗೆದ ಹಲಗೆಗಳನ್ನೆಲ್ಲ ಒಬ್ಬ ಜೋಪಾನ ಮಾಡಿ ಅದೇ ಕ್ರಮದಲ್ಲಿ ಮತ್ತೆ ಜೋಡಿಸಿದರೆ? ಹಡಗಿನಲ್ಲಿ ಇದು ಕಲ್ಪನೆ. ಬಗ್ಗಿಯಲ್ಲಿ ದಿನನಿತ್ಯದ ಸಂಗತಿ. ಬಲ್ಲವರು ತೆಗೆದ ಭಾಗಗಳನ್ನು ಎಸೆಯುವುದಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತಾರೆ. ಚೀಲ ತುಂಬಿದಾಗ ಕಪಾಟಿನಲ್ಲಿಡಲು ಎರಡನೆಯ ಬಗ್ಗಿ ಸಿದ್ಧ. ಈಗ 1984ರ ದ್ರವ್ಯವೆಲ್ಲ ಕಪಾಟಿನಲ್ಲಿದೆ, 1984ರಿಂದ ಬಿಡದೆ ಓಡಿದ್ದು ಅಂಗಳದಲ್ಲಿದೆ.

ಜಪಾನಿನ ಇಸೆಯ ದೇಗುಲ ಇಲ್ಲಿ ನೆನಪಾಗುವುದು ಸಹಜ. 690ರಿಂದ ಬಂದ ಪದ್ಧತಿಯಂತೆ ಅದನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಪೂರ್ತಿ ಹೊಸದಾಗಿ ಕಟ್ಟುತ್ತಾರೆ. 62ನೆಯದು ಮುಗಿದದ್ದು 2013ರಲ್ಲಿ. ನಡುವೆ 15–16ನೇ ಶತಮಾನದಲ್ಲಿ ನೂರು ವರ್ಷಕ್ಕೂ ಮಿಕ್ಕಿ ಈ ಕಾರ್ಯ ನಿಂತುಹೋಗಿತ್ತು, ಆದರೂ ದೇಗುಲ ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. 1984ರ ಹಾರ್ನೆಟ್ ಸರಿಯಾಗಿ ಇಪ್ಪತ್ತು ವರ್ಷಕ್ಕೆ ಮರಳಿದ್ದು ಕಾಕತಾಳೀಯ. ಮರುಬಿಡುಗಡೆಯನ್ನು ಇಸೆಗೆ ಹೋಲಿಸಿ ‘ಇದೂ ಅದೇ’ ಎನ್ನುವವರಿದ್ದಾರೆ. ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಇಸೆಯಲ್ಲಿ ಹೊಸದು ಬಂದಾಗ ಹಳೆಯದು ಸ್ಥಾನ ಬಿಟ್ಟುಕೊಡುತ್ತದೆ, ದೇವರು ಹೊಸ ಮನೆಗೆ ಹೋಗುತ್ತಾರೆ. 2004ರ ಹಾರ್ನೆಟ್ ಬಂದಾಗ 1984ರದು ಎಲ್ಲಿಗೂ ಹೋಗಲಿಲ್ಲ. ಎರಡೂ ಒಂದೇ ಅಂಗಳದಲ್ಲಿ ಡಿಕ್ಕಿ ಹೊಡೆಯಬಲ್ಲವು. ಡಿಕ್ಕಿ ಹೊಡೆಯುವ ಎರಡು ವಸ್ತುಗಳು ಒಂದಾಗಲಾರವು. ಅವು ಒಂದೇ ಜಾತಿಯವು, ಅಷ್ಟೇ.

ಹಾಗಾದರೆ ಕಪಾಟಿನದೋ ಅಂಗಳದ್ದೋ? ಅಂಗಳದ್ದೇ ಎನ್ನಲು ಕಾರಣ ಹೆಚ್ಚು. ಅದರ ಒಂದು ಹಂತಕ್ಕೂ ಮುಂದಿನದಕ್ಕೂ ನಡುವೆ ಕಡಿದುಹೋದ ಜಾಗವಿಲ್ಲ. ಪ್ರತಿ ಹೊಸ ಭಾಗವೂ ಹಳೆಯ ಭಾಗಗಳ ನಡುವೆ ಕೂತು, ಅವುಗಳ ಜೊತೆ ಓಡಿ, ಆಮೇಲೆ ತಾನೂ ಹಳೆಯದಾಯಿತು. ಕಪಾಟಿನದು ಅದರ ಅವಶೇಷಗಳಿಂದ ಕಟ್ಟಿದ ಪ್ರದರ್ಶನ. ಬೆಲೆ ಹೆಚ್ಚಿರಬಹುದು, ಆ ಮಾತು ಬೇರೆ. ಈ ಉತ್ತರ ನಿಲ್ಲಬೇಕಾದರೆ ಬದಲಾವಣೆಯ ಸರಣಿ ಯಾರಿಗಾದರೂ ತಿಳಿದಿರಬೇಕು. ಹೊಸ ಬಾಡಿಗೆ ಹಳೆಯ ಸ್ಟಿಕ್ಕರ್ ಅಂಟಿಸಿ ‘1984ರದು’ ಎಂದು ಮಾರಿದಾಗ ಕೆಡುವುದು ಪ್ಲಾಸ್ಟಿಕ್ ಅಲ್ಲ, ಆ ಸರಣಿ. ಜಾಗರೂಕರಾದ ಸಂಗ್ರಾಹಕರು ಚಾಸಿಯ ಒಳಗೆ, ಬ್ಯಾಟರಿ ಕೂರುವ ಜಾಗದಲ್ಲಿ ಒಂದು ಚೀಟಿ ಇಡುತ್ತಾರೆ: ಚಾಸಿ ಮತ್ತು ಗೇರ್‌ಬಾಕ್ಸ್ ಮೊದಲಿನವು, ಬಾಡಿ ಮರುಬಿಡುಗಡೆಯದು, ಬೇರಿಂಗು ಮತ್ತು ನಿಯಂತ್ರಕ ಹೊಸವು, ತೆಗೆದವು ಚೀಲದಲ್ಲಿವೆ.