ಮುತ್ಯಾನ ಮುಖ ಯಾರದು?

ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರ ಮುಖವನ್ನು ಯಾವ ಕ್ಯಾಮೆರಾವೂ ಕಂಡಿಲ್ಲ. ಅವರು ಲಿಂಗೈಕ್ಯರಾದದ್ದು 1822ರಲ್ಲಿ. ಡಾಗೇರ್‌ನ ಛಾಯಾಚಿತ್ರ ವಿಧಾನ ಪ್ಯಾರಿಸ್‌ನಲ್ಲಿ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಜನ ಬರುವುದು ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಯ ದರ್ಶನಕ್ಕೆ. ಆಳಂದದ ಲಾಡ್ಲೆ ಮಶಾಕ್ ದರ್ಗಾದಲ್ಲಿ ಹಿಂದೂಗಳೂ ಮುಸ್ಲಿಮರೂ ತಲೆಬಾಗುವುದು ಚಾದರ ಹೊದ್ದ ಗೋರಿಗೆ. ಈ ಮೂರೂ ತಾಲ್ಲೂಕುಗಳ ದೊಡ್ಡ ಭಕ್ತಿಗೆ ಫೋಟೊದ ಮುಖ ಬೇಕಾಗಿಯೇ ಇಲ್ಲ.

ಮನೆಯ ಹಿರಿಯರ ವಿಷಯಕ್ಕೆ ಬಂದರೆ ಹಾಗಲ್ಲ. ಪಡಸಾಲೆಯ ಗೋಡೆಯಲ್ಲಿ ತುಸು ಮುಂದಕ್ಕೆ ಬಾಗಿಸಿ ತೂಗುಹಾಕಿದ ಕಟ್ಟಿಗೆಯ ಚೌಕಟ್ಟು, ಒಳಗೆ ಪಟಗಾ ಸುತ್ತಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತ ಮುತ್ಯಾ, ಗಾಜಿನ ಮೇಲೆ ವಿಭೂತಿ, ಕುಂಕುಮ. ಎಷ್ಟೋ ಮನೆಗಳಲ್ಲಿ ಆತ ಇಡೀ ಬದುಕಿನಲ್ಲಿ ತೆಗೆಸಿಕೊಂಡ ಒಂದೇ ಫೋಟೊ ಅದು. ಮೊಮ್ಮಗಳು ಹುಟ್ಟಿದಾಗ ‘ಮುತ್ಯಾನ ಮೂಗೇ ಬಂದದ’ ಎಂದು ನೆರೆಮನೆಯವರು ಹೇಳುವುದು ಅದನ್ನು ನೋಡಿಯೇ.

ಅಂಥ ಫೋಟೊಗಳಿಗೆ ಈ ಸೀಮೆಯ ಹವೆ ದಯೆ ತೋರಿಲ್ಲ. ಮಾಳಿಗೆ ಸೋರುತ್ತದೆ, ಗೆದ್ದಲು ಚೌಕಟ್ಟನ್ನು ತಿನ್ನುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಹೊಳೆದಂಡೆಯ ಹಳ್ಳಿಗಳಿಗೆ ನುಗ್ಗಿದಳು. ಹಳೆಯ ಕಪ್ಪು-ಬಿಳುಪು ಫೋಟೊದಲ್ಲಿ ಬೆಳ್ಳಿಯ ಕಣಗಳು ಜೆಲಾಟಿನ್ ಎಂಬ ಅಂಟಿನ ಪದರದಲ್ಲಿ ಹುದುಗಿರುತ್ತವೆ. ನೀರು ತಾಗಿದರೆ ಜೆಲಾಟಿನ್ ಉಬ್ಬಿ ಗಾಜಿಗೆ ಹತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಯಾರಾದರೂ ಅವಸರದಲ್ಲಿ ಕಿತ್ತರೆ ಕಣ್ಣು, ಹುಬ್ಬು ಗಾಜಿನ ಪಾಲಾಗುತ್ತವೆ, ಕಾಗದದಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ.

ಹಿಂದೆ ಇಂಥದ್ದನ್ನು ಸ್ಟುಡಿಯೊದವರು ಕುಂಚ ಹಿಡಿದು ತಿದ್ದುತ್ತಿದ್ದರು. ಆಮೇಲೆ ಫೋಟೊಶಾಪ್ ಬಂತು: ಪಕ್ಕದ ಚೂರನ್ನು ನಕಲಿಸಿ ಗೀರು ಮುಚ್ಚುವ ಕೆಲಸ. ಈಗ ಮೊಬೈಲಿನಲ್ಲೇ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಮಸುಕಾದ ಮುಖ ಹಾಕಿದರೆ ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟವಾದ ಮುಖ ಬರುತ್ತದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆ ಕಣ್ಣೀರಿನಲ್ಲಿ ಸುಳ್ಳಿಲ್ಲ. ಆದರೆ ಆ ರೆಪ್ಪೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಕೇಳಲೇಬೇಕು.

2021ರಲ್ಲಿ ಹೊರಬಂದು ಬಹಳ ಬಳಕೆಯಾದ ಜಿಎಫ್‌ಪಿಗ್ಯಾನ್ ಎಂಬ ಸಾಧನವನ್ನೇ ನೋಡಿ. ಅದು ಮುಖ ಎಂದರೇನು ಎಂದು ಕಲಿತದ್ದು ಎಫ್‌ಎಫ್‌ಎಚ್‌ಕ್ಯು ಎಂಬ ಸಂಗ್ರಹದಿಂದ. ಫ್ಲಿಕರ್ ತಾಣದಲ್ಲಿ ಜನ ಹಾಕಿದ್ದ ಫೋಟೊಗಳಿಂದ ಆಯ್ದ 70,000 ಮುಖಗಳು ಅದರಲ್ಲಿವೆ. ಕಾಗದದಲ್ಲಿ ಮಾಹಿತಿ ಇಲ್ಲದ ಕಡೆ ಆ ಸಾವಿರಾರು ಅಪರಿಚಿತರ ಕಣ್ಣು, ತುಟಿ, ಚರ್ಮಗಳಿಂದ ಕಲಿತ ಊಹೆ ಬಂದು ಕೂರುತ್ತದೆ. ಅಳಿಸಿಹೋದ ಮುತ್ಯಾನ ಕಣ್ಣು ಅದಕ್ಕೆ ಸಿಕ್ಕಿಲ್ಲ. ಇಂಥ ಜಾಗದಲ್ಲಿ ಸಾಮಾನ್ಯವಾಗಿ ಎಂಥ ಕಣ್ಣಿರುತ್ತದೆ ಎಂಬುದು ಮಾತ್ರ ಅದಕ್ಕೆ ಗೊತ್ತು.

ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಪೀಠಿಕೆಯಲ್ಲಿ ಅಧ್ಯಾಸವನ್ನು ವಿವರಿಸಿದ್ದು ಇಲ್ಲಿ ಬೆರಗಾಗುವಷ್ಟು ಹೊಂದುತ್ತದೆ. ಬೇರೆಲ್ಲೋ ಹಿಂದೆ ಕಂಡದ್ದು ನೆನಪಿನಂತೆ ಮೇಲೆದ್ದು ಎದುರಿಗಿರುವುದರ ಮೇಲೆ ತೋರುವುದು ಅಧ್ಯಾಸ. ಅವರು ಕೊಡುವ ಉದಾಹರಣೆ, ಕಪ್ಪೆಚಿಪ್ಪಿನಲ್ಲಿ ಕಾಣುವ ಬೆಳ್ಳಿ. ಯಂತ್ರ ಬೇರೆಲ್ಲೋ ಕಂಡ ಮುಖಗಳನ್ನು ಮುತ್ಯಾನ ಮೇಲೆ ತೋರಿಸುತ್ತಿದೆ. ಹಳೆಯ ಕಾಗದದಲ್ಲೋ ನಿಜಕ್ಕೂ ಬೆಳ್ಳಿಯಿದೆ. ಆತನ ಮುಖಕ್ಕೆ ತಾಗಿ ಮರಳಿದ ಬೆಳಕೇ ನೆಗೆಟಿವ್‌ಗೆ ಬಿದ್ದು, ಅಲ್ಲಿಂದ ಕಾಗದದ ಬೆಳ್ಳಿಯಲ್ಲಿ ಗುರುತು ಬಿಟ್ಟಿದೆ. ಮಸುಕಾಗಿದ್ದರೂ ಅದು ಆತನದೇ ಗುರುತು.

ಇದಕ್ಕೆ ಭಕ್ತರ ಕಡೆಯಿಂದ ಬಲವಾದ ಮಾತೊಂದಿದೆ. ಶರಣಬಸವೇಶ್ವರರ ಪಟವೂ ಚಿತ್ರಕಾರನ ಕಲ್ಪನೆಯೇ ಅಲ್ಲವೇ? ಅದಕ್ಕೆ ಕೈಮುಗಿದರೆ ಪೂಜೆ ಸಲ್ಲುವುದಿಲ್ಲವೇ? ಸಲ್ಲುತ್ತದೆ, ಏಕೆಂದರೆ ಅಲ್ಲಿ ಯಾರೂ ಮೋಸಹೋಗಿಲ್ಲ. ಪಟ ಭಾವಕ್ಕೆ ಆಸರೆ, ಹೋಲಿಕೆಯ ಸಾಕ್ಷಿಯಲ್ಲ. ಆಗಮಗಳಲ್ಲೂ ಭಿನ್ನವಾದ ವಿಗ್ರಹಕ್ಕೆ ದಾರಿಯಿದೆ: ಅದರ ಕಲೆಯನ್ನು, ಎಂದರೆ ದೈವಾಂಶವನ್ನು, ಕಲಶಕ್ಕೆ ಕರೆದುಕೊಂಡು, ಹಳೆಯದನ್ನು ನೀರಿಗೆ ಬಿಟ್ಟು, ಹೊಸದಕ್ಕೆ ಪ್ರಾಣಪ್ರತಿಷ್ಠೆ ಮಾಡುತ್ತಾರೆ. ದೇವರ ಸಾನ್ನಿಧ್ಯ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗಬಲ್ಲದು. ಫೋಟೊದ ಗುರುತು ಹಾಗೆ ಹೋಗಲಾರದು. ಮುತ್ಯಾನ ಮೂಗನ್ನು ಮೊಮ್ಮಗಳಲ್ಲಿ ಹುಡುಕುವವರು ಕೇಳುತ್ತಿರುವುದು ಸಾನ್ನಿಧ್ಯವನ್ನಲ್ಲ, ಸಾಕ್ಷ್ಯವನ್ನು.

ಗಡಿಯಾಚೆಯ ಅಕ್ಕಲಕೋಟೆಯಲ್ಲಿ ಎರಡೂ ಬಗೆ ಒಟ್ಟಿಗಿವೆ. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರನ್ನು ಗಾಣಗಾಪುರದ ನೃಸಿಂಹ ಸರಸ್ವತಿಗಳೇ ಮತ್ತೆ ಬಂದದ್ದೆಂದು ಭಕ್ತರು ನಂಬುತ್ತಾರೆ. ಅವರ ಹಳೆಯ ಫೋಟೊಗಳಿವೆ, ಬಣ್ಣ ತುಂಬಿ ಹೊಳೆಯುವ ಚಿತ್ರಗಳೂ ಇವೆ. ಎರಡಕ್ಕೂ ಹಾರ ಬೀಳಲಿ. ಆದರೆ ಅವರು ಹೇಗಿದ್ದರು ಎಂದು ಕೇಳಿದವರಿಗೆ ತೋರಿಸಬೇಕಾದದ್ದು ಮೊದಲನೆಯದನ್ನೇ.

ನಷ್ಟ ಎಲ್ಲಿ ಹೆಚ್ಚೆಂದರೆ ಹೆಂಗಸರ ಮುಖಗಳಲ್ಲಿ. ಸಿಡುಬಿನಿಂದ ಭಾರತ ಮುಕ್ತವಾಯಿತೆಂದು ದೃಢಪಟ್ಟದ್ದು 1977ರಲ್ಲಿ. ಅದಕ್ಕೂ ಹಿಂದಿನ ತಲೆಮಾರಿನ ಎಷ್ಟೋ ಮುಖಗಳಲ್ಲಿ ಅದರ ಕುಳಿಗಳಿದ್ದವು. ಲಗ್ನಕ್ಕೆ ಮುಂಚೆಯೇ ಹಣೆಗೆ, ಗದ್ದಕ್ಕೆ ಹಚ್ಚೆ ಹಾಕಿಸಿಕೊಂಡವರಿದ್ದರು. ನುಣುಪು ಚರ್ಮವನ್ನೇ ಹೆಚ್ಚು ಕಂಡ ಯಂತ್ರ ಈ ಕುಳಿಯನ್ನೂ ಹಚ್ಚೆಯನ್ನೂ ಕಾಗದದ ಕಲೆಯೆಂದು ಅಳಿಸಿಬಿಡುವುದುಂಟು. ಬದುಕಿ ಉಳಿದ ಗುರುತು, ಲಗ್ನದ ಮುಂಚಿನ ಗುರುತು ಎರಡೂ ಹೋಗುತ್ತವೆ. ಇದನ್ನು ಉಳಿಸುವುದು ಎಂದು ಕರೆಯಲು ಬಾರದು.

ಸ್ಮಾರಕಗಳ ರಕ್ಷಣೆಗೆಂದು 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು, ಊಹೆ ಶುರುವಾಗುವಲ್ಲಿ ದುರಸ್ತಿ ನಿಲ್ಲಬೇಕು ಎನ್ನುತ್ತದೆ. ಇಟಲಿಯ ಚಿತ್ರರಕ್ಷಕರು ಹಾಳಾದ ಜಾಗವನ್ನು ಸಣ್ಣ ಗೆರೆಗಳಿಂದ ತುಂಬುತ್ತಾರೆ. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತದೆ, ಹತ್ತಿರ ಹೋದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯುತ್ತದೆ. ಮನೆಯ ಫೋಟೊಕ್ಕೂ ಇದೇ ನ್ಯಾಯ ಸಾಕು. ಧೂಳು, ಗೀರು, ಹಳದಿ ತೆಗೆಯುವುದು ಸರಿ. ಕಣ್ಣೇ ಹೋಗಿದ್ದರೆ, ತುಂಬಿಸಿದ ಪ್ರತಿಯನ್ನು ಚಿತ್ರವೆಂದು ಕರೆದು ಪೂಜೆಗಿಡಬಹುದು. ಫೋಟೊ ಎಂದು ಹೇಳಬಾರದು.

ಗಾಜಿಗೆ ಹತ್ತಿದ ಫೋಟೊವನ್ನು ಕೀಳಬೇಡಿ, ಗಾಜಿನೊಂದಿಗೇ ಸ್ಕ್ಯಾನ್ ಮಾಡಿಸಿ. ತಿದ್ದುವ ಮೊದಲಿನ ಸ್ಕ್ಯಾನನ್ನು ಬೇರೆಯಾಗಿ ಇಟ್ಟುಕೊಳ್ಳಿ. ಹೊಸ ಪ್ರತಿ ಬಂತೆಂದು ಹಳೆಯದನ್ನು ಅರಳಿಕಟ್ಟೆಗೋ ಭೀಮೆಗೋ ಬಿಡಬೇಡಿ. ಚಿತ್ರವನ್ನು ಗುರುತಿಸಬಲ್ಲ ಆಯಿ ಮನೆಯಲ್ಲಿದ್ದರೆ ಬರುವ ಹಬ್ಬಕ್ಕೇ ಕೂತು ಕೇಳಿ, ಹೆಸರು, ಊರು, ಹಚ್ಚೆ ಎಲ್ಲಿತ್ತು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಫೋಟೊದ ಜೊತೆಗಿಡಿ.